ಸನ್ನಿ ಎಂಬ ಹಳೆಯ ಮಾತು

ಶಸ್ತ್ರಚಿಕಿತ್ಸೆಯಾದ ಮೂರನೆಯ ರಾತ್ರಿ ಮೇಷ್ಟರಿಗೆ ತೀವ್ರ ನಿಗಾ ಘಟಕದ ನೆಲದ ಮೇಲೆ ಕಾಫಿ ಹರಡಿರುವುದು ಕಾಣಿಸಿತು. ಕಣದಲ್ಲಿ ಒಣಹಾಕಿದ ರೋಬಸ್ಟಾ. ಅರ್ಧ ಒಣಗಿ ಕಪ್ಪಾಗುತ್ತಿದ್ದ ಹಣ್ಣು. ಮೇಲೆ ಮೋಡ ಕಟ್ಟಿದೆ, ಇನ್ನೇನು ಹನಿ ಬೀಳಲಿದೆ, ಆದರೆ ಬಿಳಿಯ ಬಟ್ಟೆ ತೊಟ್ಟು ಓಡಾಡುತ್ತಿರುವ ಆಳುಗಳಲ್ಲಿ ಒಬ್ಬರೂ ಟಾರ್ಪಾಲು ಎಳೆಯುತ್ತಿಲ್ಲ. ಎದೆಯ ಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿದು ಇನ್ನೂ ಮೂರು ದಿನ ಕಳೆಯದ, 72 ವರ್ಷದ ಮನುಷ್ಯ ಹಾಸಿಗೆಯಿಂದ ಇಳಿಯಲು ಹೊರಟರು. ಕತ್ತಿನ ಬಳಿಯ ನಳಿಕೆಯನ್ನು ಕೀಳಲು ಹೋದ ಕೈಯನ್ನು ದಾದಿಯೊಬ್ಬಳು ಹಿಡಿದುಕೊಂಡಳು. ಕೊನೆಗೆ ಎರಡೂ ಮುಂಗೈಗಳನ್ನು ಮೆತ್ತನೆಯ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಬೇಕಾಯಿತು.

ವಿರಾಜಪೇಟೆಯ ಸುತ್ತಿನ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು ಅವರು. ಮನೆಮಾತು ಕೊಡವ ತಕ್ಕ್. ಅನ್ನ ಕೊಟ್ಟ ಮಾತು ಕನ್ನಡ. ಎದೆನೋವು ಕಾಣಿಸಿಕೊಂಡಾಗ ಊರಿನ ವೈದ್ಯರು ಪರೀಕ್ಷಿಸಿ ತಡಮಾಡದೆ ಮೈಸೂರಿಗೆ ಕಳುಹಿಸಿದರು. ವಿರಾಜಪೇಟೆಯವರಿಗೆ ದೊಡ್ಡ ಕಾಯಿಲೆಯೆಂದರೆ ಒಂದು ದಾರಿಯ ಹೆಸರೂ ಹೌದು: ಗೋಣಿಕೊಪ್ಪ, ತಿತಿಮತಿ, ಕಾಡಿನ ನಡುವಿನ ಆನೆಚೌಕೂರು, ಹುಣಸೂರು, ಮೈಸೂರು. ನೂರು ಕಿಲೋಮೀಟರಿಗೂ ಮಿಕ್ಕ ಆ ದಾರಿಯನ್ನು ರೋಗಿಗಿಂತ ಹೆಚ್ಚು ಭಯದಿಂದ ಕ್ರಮಿಸುವವರು ಜೊತೆಗೆ ಕುಳಿತವರು. ಮೂರು ರಕ್ತನಾಳಗಳಲ್ಲಿ ಅಡಚಣೆಯಿತ್ತು, ಬೈಪಾಸ್ ಆಯಿತು. ಮರುದಿನ ಉಸಿರಾಟದ ನಳಿಕೆ ತೆಗೆದಾಗ ಮೇಷ್ಟರು ಮಗನ ಗುರುತು ಹಿಡಿದರು. ಊರಿನಲ್ಲಿ ಹೂಮಳೆ ಬಂತೇ ಎಂದು ಕೇಳಿದರು. ಎರಡನೆಯ ದಿನ ದಾದಿಯ ಕನ್ನಡದಲ್ಲಿ ಒಂದು ತಪ್ಪನ್ನೂ ತಿದ್ದಿದರು. ಮನೆಯವರು ಗೆದ್ದೆವೆಂದು ಉಸಿರು ಬಿಟ್ಟರು.

ಗೆದ್ದೆವೆಂದುಕೊಂಡ ಮೇಲೆ ಬಂದುದರಿಂದಲೇ ಆ ಮೂರನೆಯ ರಾತ್ರಿ ಅವರಿಗೆ ಅಷ್ಟು ಕ್ರೂರವಾಗಿ ಕಂಡಿತು. ಗುರುತಿನ ಮುಖ ಕಂಡರೆ ಸಮಾಧಾನವಾದೀತೆಂದು ಹೊರಗೆ ಕುರ್ಚಿಯ ಮೇಲೆ ತೂಕಡಿಸುತ್ತಿದ್ದ ಮಗನನ್ನು ಒಳಗೆ ಕರೆದರು. ಮೇಷ್ಟರು ಅವನನ್ನು ಬಹಳ ಹೊತ್ತು ನೋಡಿದರು. ಅನಂತರ ಸ್ಪಷ್ಟವಾದ ಸ್ವರದಲ್ಲಿ, ಗದ್ದೆಯನ್ನು ಮಾರಿಬಿಟ್ಟೆಯಲ್ಲ ಎಂದರು. ತಮ್ಮನ್ನು ಇಲ್ಲಿಗೆ ತಂದು ಕಟ್ಟಿಹಾಕಿರುವುದು ಜಮ್ಮಾ ಗದ್ದೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಕ್ಕೆ ಎಂದರು. ರಕ್ತದ ಆಮ್ಲಜನಕವನ್ನು ಅಳೆಯಲು ಬೆರಳಿಗೆ ಸಿಕ್ಕಿಸುವ ಕೆಂಪು ಬೆಳಕಿನ ಕ್ಲಿಪ್ಪು ಅವರಿಗೆ ಶಾಯಿ ಹಚ್ಚಿದ ಬೆರಳಾಗಿ ತೋರಿತ್ತು. ಸಾವಿರಾರು ಮಕ್ಕಳಿಗೆ ಅಕ್ಷರ ತಿದ್ದಿಸಿದವನಿಂದ ಹೆಬ್ಬೆಟ್ಟು ಒತ್ತಿಸುತ್ತೀಯಾ ಎಂದು ಮತ್ತೆ ಮತ್ತೆ ಕೇಳಿದರು. ಮಗ ಏನನ್ನೂ ಹೇಳದೆ ಹೊರಗೆ ಬಂದ.

ಆ ಮಾತು ಪೂರಾ ಗಾಳಿಯಿಂದ ಹುಟ್ಟಿದ್ದಲ್ಲ. ಎರಡು ವರ್ಷಗಳ ಹಿಂದೆ ರಸ್ತೆಬದಿಯ ಪಾಳು ಬಿದ್ದ ಗದ್ದೆಯನ್ನು ಕೊಡುವಿರಾ ಎಂದು ಯಾರೋ ಕೇಳಿಕೊಂಡು ಬಂದಿದ್ದರು. ಮಗನಿಗೆ ಮನಸ್ಸಿತ್ತು, ಅಪ್ಪನಿಗೆ ಇರಲಿಲ್ಲ. ಮಾತು ಅಲ್ಲಿಗೇ ನಿಂತಿತ್ತು. ಹೀಗಾಗಿ ಆ ರಾತ್ರಿ ಮಗನ ಎದೆಗೆ ನಾಟಿದ್ದು ಅಪ್ಪನ ಬುದ್ಧಿ ಕೆಟ್ಟಿತೆಂಬ ಭಯವಲ್ಲ. ಬುದ್ಧಿಯ ಬಾಗಿಲು ತೆರೆದು ಒಳಗಿದ್ದದ್ದು ಹೊರಗೆ ಬಂದಿತೆಂಬ ಭಯ. ಕುಡಿದವನ ಬಾಯಲ್ಲೂ ಸನ್ನಿ ಹಿಡಿದವನ ಬಾಯಲ್ಲೂ ನಿಜ ಬರುತ್ತದೆಂದು ನಂಬುವವರು ಬಹಳ ಮಂದಿ. ಆ ನಂಬಿಕೆಯನ್ನು ಕುರಿತು ಮುಂದೆ ಹೇಳಬೇಕು. ಮೊದಲು ಪದವನ್ನು ನೋಡಬಹುದು.

ವೈದ್ಯರು ಮೇಷ್ಟರಿಗೆ ಬಂದುದನ್ನು ಡೆಲಿರಿಯಂ ಎಂದರು. ಲ್ಯಾಟಿನ್ನಿನಲ್ಲಿ ‘ಲೀರಾ’ ಎಂದರೆ ನೇಗಿಲು ಗೀರಿದ ಸಾಲು. ಸಾಲು ತಪ್ಪಿ ಹೋಗುವುದೇ ‘ಡೆಲಿರಾರೆ’. ಉಳುವವನಿಗೆ ಅರ್ಥವಾಗುವ ಪದ. ಎತ್ತು ಬೆದರಿದರೆ ನೇಗಿಲು ಸಾಲು ಬಿಡುತ್ತದೆ. ನೇಗಿಲು ಮುರಿದಿರುವುದಿಲ್ಲ, ನೆಲವೂ ಅದೇ ನೆಲ. ಕನ್ನಡದಲ್ಲಿ ಇದಕ್ಕೆ ಇರುವ ಮನೆಮಾತು ‘ಸನ್ನಿ’. ಅದು ‘ಸನ್ನಿಪಾತ’ದ ಮೊಟಕು ರೂಪ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳಿ ಒಂದರ ಮೇಲೊಂದು ಬೀಳುವ ಸ್ಥಿತಿಗೆ ಆಯುರ್ವೇದವಿಟ್ಟ ಹೆಸರದು. ಚರಕ ಸಂಹಿತೆ ಸನ್ನಿಪಾತ ಜ್ವರದಲ್ಲಿ ಹದಿಮೂರು ಬಗೆಗಳನ್ನು ಎಣಿಸುತ್ತದೆ. ಪ್ರಲಾಪ, ಭ್ರಮೆ, ನಿದ್ರೆಯ ಏರುಪೇರು ಅದರ ಲಕ್ಷಣಗಳು. ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದನೆಂಬುದನ್ನು ನೆನೆದರೆ, ಈ ವೈದ್ಯಪರಿಭಾಷೆ ಕನ್ನಡಕ್ಕೆ ಎಷ್ಟು ಹಳೆಯ ನಂಟೆಂಬುದು ತಿಳಿದೀತು. ಹೆರಿಗೆಯಾದ ಹೆಂಗಸು ಕೆಲವು ದಿನ ತನ್ನನ್ನು ತಾನು ಮರೆತು ಆಡುವುದನ್ನು ಹಳೆಯ ಹೆಂಗಸರು ‘ಬಾಣಂತಿ ಸನ್ನಿ’ ಎಂದರೇ ಹೊರತು ಹುಚ್ಚು ಎನ್ನಲಿಲ್ಲ. ಈ ಎರಡು ಪದಗಳ ನಡುವಣ ಅಂತರ ಸಣ್ಣದಲ್ಲ. ಹುಚ್ಚು ಮನುಷ್ಯನಿಗೇ ಅಂಟಿಕೊಳ್ಳುವ ಹೆಸರು. ಸನ್ನಿ ಹಿಡಿಯುತ್ತದೆ, ಏರುತ್ತದೆ, ಇಳಿಯುತ್ತದೆ, ಬಿಡುತ್ತದೆ. ಅದು ಮೈಯ ಕೇಡು, ಬಂದು ಹೋಗುವಂಥದ್ದು. ಕನ್ನಡದ ಕ್ರಿಯಾಪದಗಳೇ ಇಷ್ಟನ್ನು ತಿಳಿದಿವೆ. ಹಳೆಯ ಪದವನ್ನು ಒರಟೆಂದು ಬಿಟ್ಟು, ‘ತಲೆ ಸ್ವಲ್ಪ ಹೀಗಾಗಿದೆ’ ಎಂದು ಬೆರಳು ತಿರುಗಿಸುವ ಇಂದಿನ ಸಭ್ಯತೆಯಲ್ಲಿ ಆ ತಿಳಿವಳಿಕೆ ಕಾಣೆಯಾಗಿದೆ.

ಆಧುನಿಕ ವೈದ್ಯಕೀಯಕ್ಕೂ ಇದು ಹೊಸ ಅನುಭವವಲ್ಲ. ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ವಹಿಸಿಕೊಳ್ಳುವ ಯಂತ್ರವನ್ನು ಬಳಸಿ ಜಾನ್ ಗಿಬ್ಬನ್ ಫಿಲಡೆಲ್ಫಿಯಾದಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಮೊದಲ ಬಾರಿಗೆ ಯಶಸ್ವಿಯಾದದ್ದು 1953ರ ಮೇ ತಿಂಗಳಲ್ಲಿ. ಅದಾದ ಹನ್ನೆರಡು ವರ್ಷಗಳೊಳಗೆ, ಹೃದಯ ಸರಿಹೋದವರಲ್ಲಿ ಹಲವರ ಚಿತ್ತ ಕೆಲವು ದಿನ ಕದಡುವುದನ್ನು ವೈದ್ಯರು ಬರೆದಿಡತೊಡಗಿದ್ದರು. ಕೃತಕ ಕವಾಟದಿಂದ ಹೆಸರಾದ ಆಲ್ಬರ್ಟ್ ಸ್ಟಾರ್ ಮತ್ತು ಮನೋವೈದ್ಯ ಬ್ಲಾಕ್ಲಿ 1964ರಲ್ಲಿ ಇದಕ್ಕೊಂದು ಪ್ರತ್ಯೇಕ ಹೆಸರನ್ನೇ ಕೊಟ್ಟರು. ಮರುವರ್ಷ ನ್ಯೂಯಾರ್ಕಿನ ಕಾರ್ನ್‌ಫೆಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನ ಬೆರಳು ತೋರಿಸಿದ್ದು ರೋಗಿಯ ಕಡೆಗಷ್ಟೇ ಅಲ್ಲ, ಅವನನ್ನು ಮಲಗಿಸಿದ ಕೋಣೆಯ ಕಡೆಗೂ: ಹಗಲು ರಾತ್ರಿಯ ಭೇದವಿಲ್ಲದ ಬೆಳಕು, ಯಂತ್ರಗಳ ಒಂದೇ ಸಮನೆಯ ಸದ್ದು, ಮತ್ತೆ ಮತ್ತೆ ಕೆಡುವ ನಿದ್ದೆ. ಶಸ್ತ್ರಚಿಕಿತ್ಸೆಯ ಬಳಿಕ ಒಂದೆರಡು ದಿನ ತಿಳಿಯಾಗಿದ್ದು ಆಮೇಲೆ ಕದಡುವವರು ಇದ್ದಾರೆಂಬುದನ್ನೂ ಆ ಕಾಲದ ವೈದ್ಯರೇ ಗುರುತಿಸಿದ್ದರು. ಮೇಷ್ಟರ ಮನೆಯವರಿಗೆ ಇದೊಂದು ಮೊದಲೇ ಗೊತ್ತಿದ್ದರೆ ಆ ರಾತ್ರಿಯ ಅರ್ಧ ಭಾರ ಇಳಿಯುತ್ತಿತ್ತು.

ಎಣಿಕೆಗಳು ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತವೆ. ಆದರೂ ಹೃದಯದ ಶಸ್ತ್ರಚಿಕಿತ್ಸೆಗೊಳಗಾದ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಬರುತ್ತದೆಂದರೆ ತಪ್ಪಾಗಲಾರದು. ವಯಸ್ಸಾದವರಲ್ಲಿ ಪ್ರಮಾಣ ಇನ್ನೂ ಹೆಚ್ಚು. ಕಾರಣ ಒಂದಲ್ಲ, ಸನ್ನಿಪಾತವೆಂಬ ಪದದ ಅರ್ಥದಂತೆ ಹಲವು ಒಟ್ಟಿಗೆ ಬಂದು ಬೀಳುತ್ತವೆ. ಯಂತ್ರದ ಮೂಲಕ ಹಾದುಬಂದ ರಕ್ತ ಮೈಯಲ್ಲೆಲ್ಲ ಎಬ್ಬಿಸುವ ಉರಿಯೂತ, ಮಿದುಳಿಗೆ ಹೋಗಬಹುದಾದ ಸೂಕ್ಷ್ಮ ಕಣಗಳು, ಅರಿವಳಿಕೆ, ನೋವಿನ ಮದ್ದು, ಕೆಲವು ನಿದ್ದೆಯ ಮದ್ದುಗಳು, ಸೋಡಿಯಂ ಮೊದಲಾದ ಲವಣಗಳ ಏರಿಳಿತ, ಸೋಂಕು. ಇವುಗಳ ಜೊತೆಗೆ ಯಾರೂ ಲೆಕ್ಕಕ್ಕೆ ಹಿಡಿಯದ ಸಣ್ಣ ಸಂಗತಿಗಳು: ಕಟ್ಟಿದ ಮೂತ್ರ, ಮಲಬದ್ಧತೆ, ಬಾಯಾರಿಕೆ. ಮೇಷ್ಟರ ವಿಷಯದಲ್ಲಿ ಇನ್ನೂ ಎರಡಿದ್ದವು. ಅವರ ಕನ್ನಡಕ ಮತ್ತು ಕಿವಿಯ ಯಂತ್ರ ಎರಡನ್ನೂ ಶಸ್ತ್ರಚಿಕಿತ್ಸೆಯ ಬೆಳಗ್ಗೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮಗನ ಕೈಗೆ ಕೊಟ್ಟಿದ್ದರು. ಕಳೆದುಹೋದೀತೆಂಬ ಕಾಳಜಿಯಿಂದ ಮಗ ಅದನ್ನು ಬ್ಯಾಗಿನ ತಳದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ. ಕಣ್ಣು ಮಬ್ಬು, ಕಿವಿ ಮಂದ. ಮಿನುಗುವ ನೆಲದ ಮೇಲೆ ಕಾಫಿ ಕಾಣಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಸಂಗತಿಯನ್ನು ಕೊಡಗಿನ ಮಟ್ಟಿಗಾದರೂ ಮುಚ್ಚಿಡದೆ ಹೇಳಬೇಕು. ದಿನವೂ ಮದ್ಯ ಸೇವಿಸುವ ರೂಢಿಯಿದ್ದವರಿಗೆ ಆಸ್ಪತ್ರೆಯಲ್ಲಿ ಅದು ತಟ್ಟನೆ ನಿಂತಾಗ ಎರಡು ಮೂರು ದಿನಗಳಲ್ಲಿ ಇಂಥದೇ, ಇನ್ನೂ ಅಪಾಯಕರವಾದ ಸನ್ನಿ ಕಾಣಿಸಿಕೊಳ್ಳಬಹುದು; ಅದರ ಚಿಕಿತ್ಸೆಯೇ ಬೇರೆ. ವೈದ್ಯರು ಕೇಳಿದಾಗ ‘ಅಪರೂಪಕ್ಕೆ, ಹಬ್ಬಕ್ಕೆ’ ಎಂದು ಮರ್ಯಾದೆಗಾಗಿ ಹೇಳುವ ಮನೆಯವರು ರೋಗಿಯ ಜೀವವನ್ನು ಪಣಕ್ಕೊಡ್ಡುತ್ತಾರೆ. ಮೇಷ್ಟರಿಗೆ ಆ ಅಭ್ಯಾಸವಿರಲಿಲ್ಲ. ಆದರೂ ವೈದ್ಯರು ಮಗನನ್ನು ಮೂರು ಸಲ ಕೇಳಿದರು. ಮೂರನೆಯ ಸಲ ಅವನಿಗೆ ಸಿಟ್ಟು ಬಂತು, ಬರಬಾರದಿತ್ತು.

ನಾಲ್ಕನೆಯ ದಿನ ಬೆಂಗಳೂರಿನಿಂದ ಮಗಳು ಬಂದಳು. ದಾದಿ ಅವಳಿಗೆ ಹೇಳಿದ ಮೊದಲ ಮಾತು, ನಿಮ್ಮ ತಂದೆ ಮಾತ್ರೆ ಕೊಡಲು ಹೋದಾಗಲೆಲ್ಲ ಬೋಂಡ ಕೇಳುತ್ತಾರೆ ಎಂದು. ಎಣ್ಣೆಯಲ್ಲಿ ಕರಿದದ್ದನ್ನು ಕೊಡುವಂತಿಲ್ಲವೆಂದು ಎಷ್ಟು ತಿಳಿಹೇಳಿದರೂ ಕೇಳುವುದಿಲ್ಲ, ಇನ್ನೂ ಜೋರಾಗಿ ಬೋಂಡ ಬೋಂಡ ಎನ್ನುತ್ತಾರೆ. ಮಗಳಿಗೆ ಮೊದಲು ನಗು ಬಂತು. ಕೊಡವ ತಕ್ಕಿನಲ್ಲಿ ‘ಬೋಂಡ’ ಎಂದರೆ ಬೇಡ. ಕನ್ನಡದ ‘ಬೇಡ’, ಮಲಯಾಳದ ‘ವೇಂಡ’, ಕೊಡವರ ‘ಬೋಂಡ’ ಒಂದೇ ಬೇರಿನ ಮೂರು ಚಿಗುರು. ಮಾತ್ರೆ ಕೊಡುತ್ತಿದ್ದವಳು ಕೇರಳದವಳೇ ಆಗಿದ್ದರೂ ತನ್ನ ಮಾತಿನ ನೆಂಟನನ್ನು ಆ ವೇಷದಲ್ಲಿ ಅವಳು ಗುರುತಿಸಲಿಲ್ಲ. ಮೇಷ್ಟರು ಬೇಡವೆಂದಷ್ಟೂ ಅವಳು ಇಲ್ಲವೆನ್ನುತ್ತಿದ್ದಳು. ಇಲ್ಲವೆಂದಷ್ಟೂ ಅವರು ಬೇಡವೆನ್ನುತ್ತಿದ್ದರು. ರಾತ್ರಿಯ ದಾಖಲೆಯಲ್ಲಿ ‘ಅಸಂಬದ್ಧ ಮಾತು’ ಎಂದು ಬರೆದದ್ದರಲ್ಲಿ ಒಂದು ಪಾಲು ಅಸಂಬದ್ಧವೇ ಆಗಿರಲಿಲ್ಲ. ಅದು ಇನ್ನೊಂದು ಭಾಷೆ, ಅಷ್ಟೆ. ಮೂವತ್ತು ವರ್ಷ ಕನ್ನಡದಲ್ಲಿ ಬದುಕಿದ ಮನುಷ್ಯನೂ ಚಿತ್ತ ಕದಡಿದಾಗ ಮೊದಲು ಕಲಿತ ಮಾತಿಗೆ ಮರಳಿದ್ದರು. ಹಲವು ಮನೆಮಾತುಗಳ ನಾಡಿನಲ್ಲಿ, ತುಳು, ಅರೆಭಾಷೆ, ಬ್ಯಾರಿ, ಎರವ, ಕುರುಬ ಮಾತುಗಳ ಮುದುಕ ಮುದುಕಿಯರು ಊರಾಚೆಯ ಆಸ್ಪತ್ರೆಗಳಲ್ಲಿ ಮಲಗಿರುವಾಗ, ಹೀಗೆ ಎಷ್ಟು ಬೇಡಗಳು ಬೋಂಡಗಳಾಗಿವೆಯೋ!

ಸನ್ನಿಯನ್ನು ಗುರುತಿಸಲು ಈಗ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕ್ರಮಗಳಿವೆ. ಶ್ಯಾರನ್ ಇನೌಯೆ 1990ರಲ್ಲಿ ರೂಪಿಸಿದ ವಿಧಾನವನ್ನು ವೆಸ್ಲಿ ಈಲಿ ಮತ್ತು ಸಂಗಡಿಗರು 2001ರಲ್ಲಿ ತೀವ್ರ ನಿಗಾ ಘಟಕಕ್ಕೆ ಹೊಂದಿಸಿದರು. ಹತ್ತು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿ, ‘ಎ’ ಬಂದಾಗ ಮಾತ್ರ ಕೈ ಅದುಮಬೇಕೆಂದು ಹೇಳುವುದು ಅದರ ಒಂದು ಭಾಗ. ಇನ್ನೊಂದು, ಹೌದು ಅಲ್ಲ ಎಂದು ಉತ್ತರಿಸಬಹುದಾದ ಸರಳ ಪ್ರಶ್ನೆಗಳು. ನೀರಿನಲ್ಲಿ ಕಲ್ಲು ತೇಲುತ್ತದೆಯೇ ಎಂಬುದು ಅವುಗಳಲ್ಲೊಂದು. ಕಿರಿಯ ವೈದ್ಯನೊಬ್ಬ ಅದನ್ನು ಕನ್ನಡದಲ್ಲಿ ಕೇಳಿದಾಗ ಮೇಷ್ಟರು ಸ್ವಲ್ಪ ಯೋಚಿಸಿ, ರಾಮನ ಕಾಲದಲ್ಲಿ ತೇಲಿತ್ತು ಎಂದರು. ವೈದ್ಯ ಅದನ್ನು ತಪ್ಪು ಎಂದು ಬರೆದುಕೊಂಡ. ಕ್ರಮದ ಪ್ರಕಾರ ಬರೆದುಕೊಳ್ಳಬೇಕಾದದ್ದೂ ಅದೇ. ಮೇಷ್ಟರ ಚಿತ್ತ ಆಗ ನಿಜಕ್ಕೂ ತಿಳಿಯಾಗಿರಲಿಲ್ಲ. ಆದರೂ ಆ ಉತ್ತರವನ್ನು ಕೇವಲ ತಪ್ಪೆಂದು ತಳ್ಳಲು ಸಾಹಿತ್ಯದ ವಿದ್ಯಾರ್ಥಿಗೆ ಮನಸ್ಸು ಬಾರದು. ನಾಗಚಂದ್ರನ ರಾಮಾಯಣದ ಕಪಿಧ್ವಜರಾದರೆ ವಿದ್ಯಾಧರರು, ಗಗನಗಾಮಿಗಳು. ಮೇಷ್ಟರು ಆ ರಾತ್ರಿ ಅದನ್ನು ನೆನೆದಿದ್ದರೆ ಅಂಕ ದೊರೆಯುತ್ತಿತ್ತೇನೋ.

ಕೇಳುವ ಪ್ರಶ್ನೆಗಳ ಮಾತು ಬಂದದ್ದರಿಂದ ಇಲ್ಲಿ ಒಂದು ಪ್ರಾಚೀನ ಗ್ರಂಥವನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಶಿವಾರ್ಯನ ‘ಭಗವತೀ ಆರಾಧನಾ’ ಪ್ರಾಕೃತದ ಕೃತಿ. ಕನ್ನಡದ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಿಗೆ ತಲೆಗಟ್ಟಾಗಿರುವ ಗಾಹೆಗಳು ಅದರಲ್ಲಿ ದೊರೆಯುವುದರಿಂದ ಕನ್ನಡ ಓದಿದವರಿಗೆ ಅದರ ಹೆಸರು ಅಪರಿಚಿತವಲ್ಲ. ಸಲ್ಲೇಖನವನ್ನು ಕೈಗೊಂಡ ಸಾಧಕನ ಬಳಿ ಇರಬೇಕಾದ ನಿರ್ಯಾಪಕರನ್ನು ಕುರಿತು ಅದು ವಿವರವಾಗಿ ಹೇಳುತ್ತದೆ. ಅನುಕೂಲವಿದ್ದರೆ ನಲವತ್ತೆಂಟು ಮಂದಿ: ಕೆಲವರು ಅವನನ್ನು ಹೊರಳಿಸಿ ಕೂರಿಸುವವರು, ಕೆಲವರು ಮಲಮೂತ್ರ ಎತ್ತುವವರು, ಕೆಲವರು ಬಾಗಿಲು ಕಾಯುವವರು, ಕೆಲವರು ರಾತ್ರಿ ಎಚ್ಚರವಿರುವವರು, ಕೆಲವರು ಕಥೆ ಹೇಳುವವರು, ಹೇಳುವ ಕಥೆಯೂ ಮನಸ್ಸನ್ನು ಕದಡುವಂಥದ್ದಾಗಿರಬಾರದು. ಅದರ ‘ಸಾರಣಾ’ ಎಂಬ ಪ್ರಕರಣ ಸಾಧಕನ ಸ್ಮೃತಿ ತಪ್ಪಿದಾಗ ಮಾಡಬೇಕಾದುದನ್ನು ಕುರಿತದ್ದು. ಆಗ ಆಚಾರ್ಯನು ಅವನನ್ನು, ನೀನು ಯಾರು, ಹೆಸರೇನು, ವಾಸವೆಲ್ಲಿ, ಈಗ ಹೊತ್ತು ಯಾವುದು, ಎದುರಿಗಿರುವ ನಾನು ಯಾರು ಎಂಬುದಾಗಿ ಕೇಳಬೇಕಂತೆ. ಹೆಸರು, ಸ್ಥಳ, ಕಾಲ, ಎದುರಿಗಿರುವ ವ್ಯಕ್ತಿ: ಇಂದಿನ ವೈದ್ಯರು ಹಾಸಿಗೆಯ ಪಕ್ಕದಲ್ಲಿ ನಿಂತು ಕೇಳುವುದೂ ಇವನ್ನೇ. ಒಂದು ವ್ಯತ್ಯಾಸವಿದೆ. ವೈದ್ಯನ ಪ್ರಶ್ನೆ ಸ್ಮೃತಿ ತಪ್ಪಿದೆಯೇ ಎಂದು ಅಳೆಯಲಿಕ್ಕೆ. ಆಚಾರ್ಯನ ಪ್ರಶ್ನೆ ತಪ್ಪಿದ ಸ್ಮೃತಿಯನ್ನು ಮರಳಿ ಕರೆಯಲಿಕ್ಕೂ. ಸಾರಣಾ ಎಂದರೇ ನೆನಪಿಗೆ ತರುವುದು. ಸ್ಮೃತಿ ತಪ್ಪಿತೆಂದು ಅವನನ್ನು ಕೈಬಿಡಲಾಗದೆಂಬುದು ಆ ಪ್ರಕರಣದ ಆಶಯ.

ಸಾವಿನ ಕಡೆಗೆ ತಿಳಿವಿನಿಂದ ನಡೆಯುವವನ ಪ್ರಸಂಗವನ್ನು, ಬದುಕಿಗೆ ಮರಳುತ್ತಿರುವ ರೋಗಿಗೆ ಹೋಲಿಸುವುದು ಅಮಂಗಳವೆಂದು ಯಾರಿಗಾದರೂ ಅನಿಸಬಹುದು. ಹೋಲಿಕೆ ಗುರಿಗಲ್ಲ, ಪಕ್ಕದಲ್ಲಿ ಕೂರುವ ಕೆಲಸಕ್ಕೆ. ಆಧುನಿಕ ವೈದ್ಯಕೀಯ ಕಂಡುಕೊಂಡ ಉಪಾಯವೂ ಬಹುಮಟ್ಟಿಗೆ ಅದೇ ಆಗಿದೆ. ಇನೌಯೆ ಮತ್ತು ಸಂಗಡಿಗರು ಯೇಲ್ ಆಸ್ಪತ್ರೆಯಲ್ಲಿ 852 ವೃದ್ಧರ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಮದ್ದು ಯಾವುದೂ ಇರಲಿಲ್ಲ. ಇವತ್ತು ಯಾವ ದಿನ, ಇದು ಯಾವ ಜಾಗ ಎಂದು ಹೇಳುತ್ತಿರುವುದು, ಕನ್ನಡಕ ಮತ್ತು ಕಿವಿಯ ಯಂತ್ರ ಕೊಡುವುದು, ನೀರು ಕುಡಿಸುವುದು, ಎಬ್ಬಿಸಿ ನಡೆಸುವುದು, ರಾತ್ರಿ ಸದ್ದಡಗಿಸಿ ನಿದ್ದೆಗೆ ಬಿಡುವುದು. ಎಂದಿನ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ 15 ಮಂದಿಗೆ ಸನ್ನಿ ಬಂದರೆ, ಈ ಬಗೆಯ ಆರೈಕೆ ದೊರೆತವರಲ್ಲಿ 9.9 ಮಂದಿಗೆ. ಅವರು ಹೃದಯದ ಶಸ್ತ್ರಚಿಕಿತ್ಸೆಯಾದವರಲ್ಲ, ಸಾಮಾನ್ಯ ವಾರ್ಡುಗಳ ವೃದ್ಧರು. ಮತ್ತೆ, ಒಮ್ಮೆ ಸನ್ನಿ ಬಂದ ಮೇಲೆ ಅದನ್ನು ಇಳಿಸುವುದರಲ್ಲಿ ಈ ಉಪಾಯಗಳ ಫಲ ಅಷ್ಟಾಗಿ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಆದರೂ ಹೃದಯದ ರೋಗಿಗಳ ವಾರ್ಡುಗಳಲ್ಲಿ ಇಂದು ಅನುಸರಿಸುವ ಎಚ್ಚರಿಕೆಗಳು ಇವೇ.

ಮೇಷ್ಟರ ಮಗಳು ಮೊದಲು ಮಾಡಿದ್ದು ಅಣ್ಣನ ಬ್ಯಾಗಿನ ತಳದಿಂದ ಪ್ಲಾಸ್ಟಿಕ್ ಚೀಲವನ್ನು ಹೊರತೆಗೆದದ್ದು. ದಿನಕ್ಕೆ ಎರಡು ಬಾರಿ, ಸ್ವಲ್ಪ ಸ್ವಲ್ಪ ಹೊತ್ತು ಒಳಗಿರಲು ಅನುಮತಿ ದೊರೆಯಿತು. ಅವಳು ಅಪ್ಪನೊಡನೆ ಮನೆಮಾತಿನಲ್ಲೇ ಮಾತನಾಡಿದಳು. ನೆಲದ ಮೇಲೆ ಕಾಫಿ ಇಲ್ಲವೆಂದು ವಾದಿಸಲಿಲ್ಲ, ಇದೆಯೆಂದೂ ಹೇಳಲಿಲ್ಲ. ಮನೆಯ ಕಣದ ಕಾಫಿಯನ್ನು ಆಳುಗಳು ಆಗಲೇ ಚೀಲಕ್ಕೆ ತುಂಬಿ ಒಳಗಿಟ್ಟಿದ್ದಾರೆಂದಳು. ಅದು ನಿಜವೂ ಆಗಿತ್ತು. ಇವತ್ತು ಗುರುವಾರ, ಇದು ಮೈಸೂರು, ಎದೆಯ ಆಪರೇಷನ್ ಆಗಿದೆ, ಅಣ್ಣ ಹೊರಗೇ ಇದ್ದಾನೆ ಎಂದು ಪ್ರತಿಸಲವೂ ಹೇಳಿದಳು. ಕೈಗೆ ಕಟ್ಟಿದ ಪಟ್ಟಿಗಳನ್ನು ಮೊದಲು ಅವಳಿದ್ದಾಗ, ಆಮೇಲೆ ಪೂರ್ತಿಯಾಗಿ ಬಿಚ್ಚಿದರು. ಐದನೆಯ ದಿನ ಕಿಟಕಿಯಿದ್ದ ಕೋಣೆಗೆ ಬಂದ ಮೇಲೆ ಮೇಷ್ಟರು ಆರು ಗಂಟೆ ನಿದ್ದೆ ಮಾಡಿದರು. ಆರನೆಯ ದಿನ ಎದ್ದು, ಇಷ್ಟು ದಿನ ಎಲ್ಲಿದ್ದೆ ಎಂದು ಮಗಳನ್ನು ಕೇಳಿದರು.

ಎದುರಿನ ಹಾಸಿಗೆಯ ವೃದ್ಧೆಯನ್ನು ಈ ಗದ್ದಲದಲ್ಲಿ ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. ಆಕೆ ಕೂಗಲಿಲ್ಲ, ನಳಿಕೆ ಕೀಳಲಿಲ್ಲ. ಕಣ್ಣು ತೆರೆದುಕೊಂಡು ಗೋಡೆ ನೋಡುತ್ತ, ಕೇಳಿದ್ದಕ್ಕೆ ಬಹಳ ಹೊತ್ತಿನ ಮೇಲೆ ಹೂಂ ಎನ್ನುತ್ತ ಮಲಗಿದ್ದರು. ಸುಮ್ಮನಿರುವ ಒಳ್ಳೆಯ ಅಜ್ಜಿ ಎಂದು ಆಕೆಯ ಮನೆಯವರೇ ಹೊಗಳುತ್ತಿದ್ದರು. ಅದೂ ಸನ್ನಿಯೇ, ಸದ್ದಿಲ್ಲದ ಸನ್ನಿ. ಇಂಥದೇ ಹೆಚ್ಚು, ಗಮನಕ್ಕೆ ಬಾರದೆ ಹೋಗುವುದೂ ಇದೇ.

ಈಗ ಸನ್ನಿಯಲ್ಲಿ ನಿಜ ಬರುತ್ತದೆಂಬ ನಂಬಿಕೆಯ ವಿಚಾರ. ವಿರಾಜಪೇಟೆಗೆ ಹೆಸರು ಕೊಟ್ಟವನು ದೊಡ್ಡ ವೀರರಾಜೇಂದ್ರ. 1792ರಲ್ಲಿ ಅವನು ನೆಲೆಗೊಳಿಸಿದ ವೀರರಾಜೇಂದ್ರಪೇಟೆಯೇ ನಾಲಗೆಯಲ್ಲಿ ಸವೆದು ವಿರಾಜಪೇಟೆಯಾಯಿತು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದು ರಾಜ್ಯವನ್ನು ಮರಳಿ ಕಟ್ಟಿದ, ‘ರಾಜೇಂದ್ರನಾಮೆ’ಯನ್ನು ಬರೆಯಿಸಿದ ಆ ರಾಜನ ಕೊನೆಯ ವರ್ಷಗಳು ದಾರುಣವಾದವು. 1807ರಲ್ಲಿ ರಾಣಿ ಮಹದೇವಮ್ಮಾಜಿ ತೀರಿಕೊಂಡ ಬಳಿಕ ಅವನ ಚಿತ್ತಸ್ಥಿಮಿತ ತಪ್ಪಿತು. ಸುತ್ತಲಿದ್ದವರೆಲ್ಲ ಸಂಚುಗಾರರಾಗಿ ಕಂಡರು. 1855ರಲ್ಲಿ ಕೊಡಗಿನ ವೃತ್ತಾಂತವನ್ನು ಬರೆದ ಹರ್ಮನ್ ಮೋಗ್ಲಿಂಗ್, ರಾಜ ಆವೇಶದಲ್ಲಿ ಮರಣದಂಡನೆಗಳನ್ನು ವಿಧಿಸಿ ಬಳಿಕ ಪಶ್ಚಾತ್ತಾಪ ಪಡುತ್ತಿದ್ದುದನ್ನು ದಾಖಲಿಸಿದ್ದಾನೆ. 1809ರಲ್ಲಿ ಅವನು ತೀರಿಕೊಂಡ. ಎರಡು ಶತಮಾನಗಳ ಹಿಂದಿನ ರಾಜನ ರೋಗ ಯಾವುದೆಂದು ಇಂದು ನಿರ್ಣಯಿಸಲು ಹೊರಡುವುದು ಅವಿವೇಕ. ಅದು ಮೇಷ್ಟರಿಗೆ ಬಂದಂಥದ್ದೆಂದು ಇಲ್ಲಿ ಹೇಳುತ್ತಿಲ್ಲ. ಗಮನಿಸಬೇಕಾದದ್ದು ಬೇರೆ. ಕದಡಿದ ಚಿತ್ತದ ಮಾತನ್ನು ಆಜ್ಞೆಯೆಂದು ಪಾಲಿಸಬೇಕಾದ ಕಾಲವೊಂದಿತ್ತು. ರಾಜನ ಸಂಶಯವೇ ಸಾಕ್ಷ್ಯವಾಗಿತ್ತು. ಮಂಚಕ್ಕೆ ಕೈಕಟ್ಟಿಸಿಕೊಂಡ ಮುದುಕನ ಸಂಶಯದಿಂದ ಯಾರ ತಲೆಯೂ ಹೋಗುವುದಿಲ್ಲ. ಆದರೂ ಮನೆಯವರು ಅದನ್ನು ಸಾಕ್ಷ್ಯವೆಂದೇ ಹಿಡಿಯುತ್ತಾರೆ.

ಸನ್ನಿ ಬಟ್ಟೆಯನ್ನು ಮನೆಯ ಪೆಟ್ಟಿಗೆಯಿಂದಲೇ ತೆಗೆಯುತ್ತದೆ. ಗದ್ದೆ, ಕಾಗದ, ಮಗ ಎಲ್ಲವೂ ಮೇಷ್ಟರ ಬದುಕಿನವೇ. ಆದರೆ ಹೊಲಿಯುವ ಕೈ ಅವರದಲ್ಲ. ಕಾಫಿಯ ಮೇಲೆ ಪ್ರೀತಿಯಿದ್ದುದರಿಂದ ಆಸ್ಪತ್ರೆಯ ನೆಲದ ಮೇಲೆ ಕಾಫಿ ಇತ್ತೆಂದು ಯಾರೂ ಹೇಳುವುದಿಲ್ಲ. ಗದ್ದೆಯ ಚಿಂತೆಯಿದ್ದುದರಿಂದ ಮಗನ ಮೇಲೆ ಸಂಶಯವಿತ್ತೆಂದು ಮಾತ್ರ ಒಡನೆ ತೀರ್ಮಾನಿಸುತ್ತಾರೆ. ಎರಡೂ ಒಂದೇ ರಾತ್ರಿಯ, ಒಂದೇ ಜ್ವಾಲೆಯ ಕಿಡಿಗಳು. ವಿರಾಜಪೇಟೆಯ ವೈದ್ಯರು ಹೊಲಿಗೆ ನೋಡಲು ಬಂದಾಗ ಮಗನನ್ನು ಪಕ್ಕಕ್ಕೆ ಕರೆದು ಹೆಚ್ಚುಕಡಿಮೆ ಇದನ್ನೇ ಹೇಳಿದರು. ಮಗ ತಲೆಯಾಡಿಸಿದ. ಬುದ್ಧಿಗೆ ಒಪ್ಪಿಗೆಯಾದದ್ದು ಹೊಟ್ಟೆಗಿಳಿಯಲು ಕಾಲ ಬೇಕಾಗುತ್ತದೆ. ಅಪ್ಪನಿಗೆ ಮಾತ್ರೆ ಕೊಡುವುದು, ಬೆನ್ನಿಗೆ ದಿಂಬಿಡುವುದು ಎಲ್ಲವನ್ನೂ ತಪ್ಪದೆ ಮಾಡುತ್ತಿದ್ದವನು ಅವರ ಎದುರು ಕುಳಿತುಕೊಳ್ಳುವುದನ್ನು ಮಾತ್ರ ಬಿಟ್ಟಿದ್ದ.

ಮೇಷ್ಟರು ಆ ಬಗ್ಗೆ ಏನನ್ನೂ ಕೇಳಲಿಲ್ಲ. ಕೈ ಕಟ್ಟಿದ್ದು ಅವರಿಗೆ ನೆನಪಿತ್ತು, ಕಾಫಿ ನೆನಪಿತ್ತು, ಯಾರೋ ಹೊರಗೆ ಹೋದದ್ದು ನೆನಪಿತ್ತು, ಯಾರೆಂಬುದು ನೆನಪಿರಲಿಲ್ಲ. ನೋಡಲು ಬಂದವರು ಎದೆಯ ಬಗ್ಗೆ ಜೋರಾಗಿಯೂ ತಲೆಯ ಬಗ್ಗೆ ಮೆಲ್ಲಗೂ ವಿಚಾರಿಸಿದರು. ಶಿಷ್ಯರೊಬ್ಬರು ಸರಳ ಲೆಕ್ಕವೊಂದನ್ನು ತಮಾಷೆಯಂತೆ ಕೇಳಿ ಉತ್ತರಕ್ಕಾಗಿ ಮುಖ ನೋಡಿದರು. ಅಂದಿನಿಂದ ಮೇಷ್ಟರು ಜಗಲಿಗೆ ಬರುವುದನ್ನು ಕಡಿಮೆಮಾಡಿದರು. ಗಡಿಯಾರ ಕಂಬದ ಬಳಿಯ ಅಂಗಡಿಗೆ ತಾವೇ ಹೋಗಿ ತರುತ್ತಿದ್ದ ಪತ್ರಿಕೆಯನ್ನು ಈಗ ಯಾರಾದರೂ ತಂದುಕೊಡಬೇಕಾಗಿತ್ತು.

ಮಗಳು ಬೆಂಗಳೂರಿಗೆ ಮರಳುವಾಗ ಒಂದು ನೋಟುಪುಸ್ತಕವನ್ನು ಅಪ್ಪನ ಮೇಜಿನ ಮೇಲೆ ಬಿಟ್ಟುಹೋಗಿದ್ದಳು. ಆಸ್ಪತ್ರೆಯ ಹತ್ತು ದಿನಗಳನ್ನು ಅವಳು ದಿನಾಂಕ ಹಾಕಿ ಅದರಲ್ಲಿ ಬರೆದಿಟ್ಟಿದ್ದಳು. ತಾನಿಲ್ಲದ ದಿನಗಳನ್ನು ಅಣ್ಣನನ್ನೂ ದಾದಿಯರನ್ನೂ ಕೇಳಿ ತುಂಬಿಸಿದ್ದಳು. ರೋಗಿ ಕಳೆದುಕೊಂಡ ದಿನಗಳನ್ನು ಅವನಿಗಾಗಿ ಹೀಗೆ ಬರೆದಿಡುವ ಪದ್ಧತಿ ಸ್ಕ್ಯಾಂಡಿನೇವಿಯಾದ ದಾದಿಯರಿಂದ ಹಬ್ಬಿದ್ದು. ಅವಳಿಗೆ ಅದು ಗೊತ್ತಿರಲಿಲ್ಲ. ಕಾಯುವ ಹೊತ್ತು ಸವೆಯಲೆಂದು ಬರೆದಿದ್ದಳು. ಎಲ್ಲವನ್ನೂ ಬರೆದಿದ್ದಳು, ಅದನ್ನೂ ಬಿಟ್ಟಿರಲಿಲ್ಲ.

ಮೇಷ್ಟರು ಅದನ್ನು ಎರಡು ಮಧ್ಯಾಹ್ನ ಓದಿದರು, ಕೈಯಲ್ಲಿ ಕೆಂಪು ಪೆನ್ನು ಹಿಡಿದು. ‘ಧೀರ್ಘ ನಿದ್ದೆ’ಯ ಮಹಾಪ್ರಾಣವನ್ನು ಕಳೆದು ‘ದೀರ್ಘ’ ಎಂದು ತಿದ್ದಿದರು. ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಗಳು ಬಿಟ್ಟ ಒತ್ತುಗಳನ್ನೆಲ್ಲ ಸೇರಿಸಿದರು. ಬೋಂಡದ ಪ್ರಸಂಗದ ಪಕ್ಕದಲ್ಲಿ ಮೂರು ಭಾಷೆಗಳ ರೂಪಗಳನ್ನು ಬರೆದರು. ಮೂರನೆಯ ರಾತ್ರಿಯ ಪುಟದಲ್ಲಿ ಐದು ಸಾಲುಗಳಿದ್ದವು. ಗದ್ದೆಯ ಮಾತು, ಹೆಬ್ಬೆಟ್ಟಿನ ಮಾತು, ಕೊನೆಗೆ ಅಣ್ಣ ಹೊರಗೆ ಹೋಗಿ ನಿಂತ ಎಂದು. ಅಲ್ಲಿಯೂ ಎರಡು ಕಾಗುಣಿತದ ತಪ್ಪುಗಳಿದ್ದವು. ಅವು ಹಾಗೆಯೇ ಉಳಿದಿವೆ.

ಸಂಜೆ ಮಗ ಮಾತ್ರೆ ತಂದಾಗ ಮೇಷ್ಟರು ಪುಸ್ತಕವನ್ನು ಮುಚ್ಚಿ, ಎದುರಿನ ಕುರ್ಚಿ ತೋರಿಸಿ ಕೂರಲು ಹೇಳಿದರು.

“ಆ ರಾತ್ರಿ ಎಷ್ಟು ಹೊತ್ತು ಹೊರಗೆ ನಿಂತಿದ್ದೆ?”

“ಬೆಳಗಾಗುವವರೆಗೆ, ಅಪ್ಪ.”

“ಕುರ್ಚಿ ಇರಲಿಲ್ಲವಾ?”

“ಇತ್ತು.”

ಮೇಷ್ಟರು ಮಾತ್ರೆ ನುಂಗಿ ನೀರು ಕುಡಿದರು. ದಿನಕ್ಕೆ ಅರ್ಧ ಗಂಟೆ ನಡೆಯಬೇಕೆಂದು ವೈದ್ಯರು ಹೇಳಿದ್ದರು. ಅಲ್ಲಿಯವರೆಗೆ ಅವರು ಅಂಗಳದಲ್ಲೇ ಒಬ್ಬರೇ ಸುತ್ತುತ್ತಿದ್ದರು. ಮರುದಿನ ಬೆಳಗ್ಗೆ ಮಗನನ್ನು ಜೊತೆಗೆ ಕರೆದುಕೊಂಡು, ನಡುವೆ ಎರಡು ಕಡೆ ನಿಂತು ದಣಿವಾರಿಸಿಕೊಂಡು, ರಸ್ತೆಬದಿಯ ಗದ್ದೆಯ ಬದುವಿನ ತನಕ ಹೋಗಿಬಂದರು.